ಕೌದಿಯ ನಾಲ್ಕು ಮೂಲೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಕೆಲಸದಲ್ಲಿ ಒಂದು ಕೊರತೆಯೂ ಇಲ್ಲದಿದ್ದರೆ, ಮಾಡಿದವನಿಗೆ ದೋಷ ತಟ್ಟುವುದುಂಟೇ?”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕೌದಿ ಹೊಲಿಯುವ ಹೆಂಗಸೊಬ್ಬಳಿದ್ದಳು. ಮನೆಮನೆಯ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ ಹೊಲಿದು ಹೊದಿಕೆ ಮಾಡಿಕೊಡುವುದು ಅವಳ ಕಾಯಕ. ಹೊಲಿಗೆ ಆ ಊರಿನಲ್ಲಿ ಬಹಳ ಜನಕ್ಕೆ ಬರುತ್ತಿತ್ತು. ಮೂಲೆ ಮಾತ್ರ ಅವಳೊಬ್ಬಳಿಗೇ ಒಲಿದಿತ್ತು. ಉಳಿದವರು ಅಂಚಿನ ಪಟ್ಟಿಯನ್ನು ತುದಿಯವರೆಗೂ ಹೊಲಿದುಬಿಟ್ಟು, ಆಮೇಲೆ ಹೇಗೋ ಮಡಚಿ ತುರುಕುತ್ತಿದ್ದರು. ಅಲ್ಲಿ ಗಂಟು ಕಟ್ಟಿದಂತೆ ಉಬ್ಬಿಕೊಳ್ಳುತ್ತಿತ್ತು. ಅವಳು ಪಟ್ಟಿಯ ಅಗಲದಷ್ಟು ಜಾಗ ಉಳಿದಿರುವಾಗಲೇ ಸೂಜಿ ನಿಲ್ಲಿಸುತ್ತಿದ್ದಳು. ಪಟ್ಟಿಯನ್ನು ಓರೆಯಾಗಿ ಹೊರಕ್ಕೆ ಮಡಚಿ, ಮತ್ತೆ ಒಳಕ್ಕೆ ತಂದು, ಮುಂದಿನ ಅಂಚಿನಲ್ಲಿ ಹೊಲಿಗೆ ಹಿಡಿಯುತ್ತಿದ್ದಳು. ಪಟ್ಟಿಯನ್ನು ಹಿಂಬದಿಗೆ ತಿರುವಿದಾಗ ಮೂಲೆಯಲ್ಲಿ ಒಂದೇ ಒಂದು ಓರೆಗೆರೆ ನಿಲ್ಲುತ್ತಿತ್ತು. ಇವಳ ಕೈಗೆ ಸಿಕ್ಕರೆ ದುಂಡಗಿನ ರೊಟ್ಟಿಗೂ ನಾಲ್ಕು ಮೂಲೆ ಹೊಲಿದಾಳು ಎಂದು ನೆರೆಯವರು ನಗುತ್ತಿದ್ದರು.

ಅಂಗಿ ಬಂದರೆ ಅವಳು ಮೊದಲು ಕಾಲರು, ಗುಂಡಿಪಟ್ಟಿ, ಜೇಬುಗಳನ್ನು ಕತ್ತರಿಸಿ ತೆಗೆಯುತ್ತಿದ್ದಳು. ಒಳಗೆ ದಪ್ಪ ಬಟ್ಟೆ ಉಳಿದರೆ ಅಂಚು ಏರಿಳಿಯುತ್ತದೆ, ಮೂಲೆ ಕೂಡುವುದಿಲ್ಲ. ತೆಗೆದ ಚೂರುಗಳು ಒಲೆಗೆ ಹೋಗುತ್ತಿದ್ದವು.

ಒಂದು ದಿನ ಹಿಂದಿನ ಓಣಿಯ ಹೆಂಗಸು ಒಂದು ಗಂಟು ತಂದಳು. ಅವಳ ಒಬ್ಬನೇ ಮಗ, ಆರು ವರ್ಷದವನು, ಮೂರು ತಿಂಗಳ ಹಿಂದೆ ಜ್ವರದಿಂದ ತೀರಿಕೊಂಡಿದ್ದ. ಬಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಹಿರಿಯರು ಹೇಳಿದ್ದರು. ಅವಳು ಕೊಟ್ಟಿರಲಿಲ್ಲ. ನಾಲ್ಕು ಅಂಗಿ, ಎರಡು ಚಡ್ಡಿ, ಕೂಸಿದ್ದಾಗಿನ ಒಂದು ಕುಲಾವಿ, ಅವಳದೇ ಎರಡು ಸೀರೆ.

ಎಲ್ಲವನ್ನೂ ಕೆಳಗಿಟ್ಟಳು. ಒಂದು ಅಂಗಿಯನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡಳು. ಅದರ ಕಾಲರಿನ ತುದಿಯಲ್ಲಿ ಜಗಿದು ಜಗಿದು ಸಣ್ಣ ತೂತುಗಳಾಗಿದ್ದವು. ಹುಡುಗನಿಗೆ ಕಾಲರು ಕಚ್ಚುವ ಚಟವಿತ್ತು. ಅದಕ್ಕಾಗಿ ತಾಯಿ ಬೈದಿದ್ದಳು, ಒಮ್ಮೆ ಹೊಡೆದೂ ಇದ್ದಳು. ಈಗ ಅವಳ ಹೆಬ್ಬೆರಳು ಆ ಹಲ್ಲಿನ ಗುರುತುಗಳ ಮೇಲೆ ಆಡುತ್ತಿತ್ತು. ಇದರ ಕಾಲರು, ಎಂದು ಏನೋ ಹೇಳಲು ಬಾಯಿ ತೆರೆದಳು.

ಹೊಲಿಯುವವಳು ಮಧ್ಯದಲ್ಲೇ ತಡೆದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಮರುಕವೇ.

“ನನಗೇನೂ ಹೇಳಬ್ಯಾಡ ತಂಗಿ. ಎಂಥೆಂಥಾ ಅಂಗಿ ನೋಡೀನಿ. ಕಚ್ಚಿದ್ದು ಹರದದ್ದು ಒಂದೂ ಕಾಣಧಂಗ ಮಾಡಿ ಕೊಡತೀನಿ.”

ತಾಯಿ ಅಂಗಿಯನ್ನು ಗಂಟಿನ ಮೇಲಿಟ್ಟಳು. ಅದನ್ನೊಮ್ಮೆ ಸವರಿ ಹೊರಟುಹೋದಳು.

ಹೊಲಿಯುವವಳು ಬೇರೆ ಕೆಲಸ ಬದಿಗಿಟ್ಟು ಒಂದು ತಿಂಗಳು ಅದನ್ನೇ ಹೊಲಿದಳು. ಮೂರು ಮೂಲೆಗಳು ಒಮ್ಮೆಗೇ ಕೂಡಿದವು. ನಾಲ್ಕನೆಯದನ್ನು ಎರಡು ಸಲ ಬಿಚ್ಚಿದಳು. ಅಂಥ ಕೆಲಸ ತನ್ನ ಕೈಯಿಂದ ಅದುವರೆಗೆ ಆಗಿರಲಿಲ್ಲವೆಂದು ಅವಳಿಗೇ ಅನ್ನಿಸಿತು.

ತಾಯಿ ಬಂದು ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡಳು. ಅಂಚಿನುದ್ದಕ್ಕೂ ಬೆರಳಾಡಿಸಿದಳು. ಒಂದೊಂದು ಮೂಲೆಯನ್ನೂ ಮುಟ್ಟಿ ನೋಡಿದಳು. ತಿರುವಿ ಹಾಕಿ ಮತ್ತೆ ಮೊದಲಿನಿಂದ ಮುಟ್ಟಿದಳು. ಮೂಲೆಗಳನ್ನು ಮೆಚ್ಚಿ ನೋಡುತ್ತಿದ್ದಾಳೆಂದು ಹೊಲಿಯುವವಳಿಗೆ ಸಂತೋಷವಾಯಿತು.

“ಯಕ್ಕಾ, ಆ ಕಾಲರು ಯಾವ ಕಡೆ ಐತಿ?”

“ದಪ್ಪ ಆಗತಿತ್ತು ತಂಗಿ. ತಗದೆ.”

ತೆಗೆದು ಎಲ್ಲಿಟ್ಟೆ ಎಂದು ತಾಯಿ ಕೇಳಿದಳು. ಹೊಲಿಯುವವಳ ಕಣ್ಣು ಒಲೆಯ ಕಡೆಗೆ ಹೋಯಿತು. ತಾಯಿಯೂ ಅತ್ತ ನೋಡಿದಳು. ಆ ಒಲೆ ಅಷ್ಟರಲ್ಲಿ ಮೂವತ್ತು ಸಲ ಉರಿದು ಆರಿತ್ತು.

ತಾಯಿ ಕೌದಿಯನ್ನು ಮಡಚಿ ಎತ್ತಿಕೊಂಡಳು. ಮೂಲೆಗಳು ಬಹಳ ಚಂದ ಬಂದಿವೆ ಎಂದು ಹೇಳಿ ಹೊರಟಳು. ಅವಳು ಅದನ್ನು ಅಣಕಿಸಿ ಹೇಳಿರಲಿಲ್ಲ.

ಎಂಟು ದಿನ ಕಳೆದ ಮೇಲೆ ಹೊಲಿಯುವವಳು ಆ ಮನೆಗೆ ಹೋದಳು. ಕೌದಿ ಒಯ್ದ ಹಾಗೆಯೇ ಪೆಟ್ಟಿಗೆಯ ಮೇಲಿತ್ತು, ಮಡಿಕೆ ಬಿಚ್ಚಿರಲಿಲ್ಲ. ತಾಯಿ ಬರಿಯ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೊಲಿಯುವವಳು ಅವಳ ಕಾಲ ಬಳಿ ಕುಳಿತು, ತಪ್ಪಾಯಿತು ಎಂದಳು. ನಾಲ್ಕೂ ಮೂಲೆ ಬಿಚ್ಚುತ್ತೇನೆ, ನೀನು ಹೇಳಿದ ಹಾಗೆ ಮತ್ತೆ ಹೊಲಿದು ಕೊಡುತ್ತೇನೆ ಎಂದಳು.

ತಾಯಿ ತಿರುಗಲಿಲ್ಲ.

“ಏನ ಇಟ್ಟು ಹೊಲೀತಿ ಯಕ್ಕಾ?”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಅಷ್ಟಾದ ಮೇಲೆ ಅವಳು ಮತ್ತೆ ಸೂಜಿ ಹಿಡಿದಳೇ, ಹಿಡಿದರೆ ಮೂಲೆಗಳು ಮೊದಲಿನಂತೆ ಕೂಡಿದವೇ ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: “ಹೊಲಿದಳು, ಒಂದಾದರೂ ಮೂಲೆ ಕೆಡಲಿ ಎಂದು ಸಾಯುವವರೆಗೂ ಕಾದಳು, ಕೆಡಲಿಲ್ಲ.”