ಎಡಗಣ್ಣು ಮುಚ್ಚಿಸೋ ಟೊಮ್ಯಾಟೊ

ಕಾಲು ಆಡಿಸ್ಬೇಡ, ಹೊದ್ದು ಮಲ್ಕೊ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ ಪಿಳ್ಳಮ್ಮ ಅಂತ ಒಬ್ಬಳಿದ್ದಳಂತೆ. ಅವಳ ಹಿತ್ತಲಲ್ಲಿ ಒಂದು ಜಾತಿ ಹುಳಿ ಟೊಮ್ಯಾಟೊ. ಎಂಥಾ ಹುಳಿ ಅಂತೀಯ, ಕಚ್ಚಿದೋರ ಎಡಗಣ್ಣು ತಾನಾಗೇ ಮುಚ್ಕೊಳ್ತಿತ್ತಂತೆ! ಹೆಣ್ಣುಮಕ್ಕಳನ್ನ ಗಂಡನ ಮನೆಗೆ ಕಳಿಸೋವಾಗ ಮಡಿಲಿಗೆ ಅಕ್ಕಿ ಬೆಲ್ಲದ ಜೊತೆ ಆ ಬೀಜಾನೂ ಹಾಕೋದು ಅವರ ಮನೆ ಪದ್ಧತಿ.

ಮಗಳು ಚೆನ್ನಿಗೆ ಮದುವೆ ಗೊತ್ತಾಯ್ತು. ಆಮೇಲೆ ನೋಡಿದ್ರೆ, ಗಡಿಗೇಲಿದ್ದ ಬೀಜಾನೆಲ್ಲಾ ಇಲಿ ತಿಂದು, ಉಳಿದಿದ್ದು ಹಿತ್ತಲಲ್ಲಿ ಒಂದೇ ಗಿಡ. ಬೇಲಿಯಾಚೆ ಪಕ್ಕದ ಮನೆ ರಾಮಕ್ಕ ದಪ್ಪ ಸಿಹಿ ಟೊಮ್ಯಾಟೊ ಹಾಕಿದ್ದಳಂತೆ. ಜೇನುಹುಳ ಅಲ್ಲಿ ಕೂತು ಇಲ್ಲಿ ಬಂದ್ರೆ ಆ ಹೂವಿನ ಪುಡಿ ಈ ಹೂವಿಗೆ ಅಂಟತ್ತೆ. ಈ ಸಲದ ಹಣ್ಣೇನೋ ಹುಳೀನೇ, ಒಳಗಿನ ಬೀಜ ಮಾತ್ರ ಬೆರಕೆ. ಮುಂದಿನ ಸಲ ಬಿತ್ತಿದಾಗ ಏನು ಬರತ್ತೋ ದೇವರೇ ಬಲ್ಲ. ಹೇಗಾದ್ರೂ ಜೇನನ್ನ ತಡೀಬೇಕು ಅಂತ ಪಿಳ್ಳಮ್ಮ ಹೊರಟಳಂತೆ.

ಮೊದಲು ಗಿಡದ ಹತ್ರ ಹೊಗೆ ಹಾಕಿದಳು. ಜೇನೇನೋ ಓಡ್ತು, ಆದ್ರೆ ಜೇನಿಲ್ಲದೆ ರಾಮಕ್ಕನ ಕುಂಬಳಬಳ್ಳೀಲಿ ಒಂದು ಹೀಚೂ ನಿಲ್ಲಲಿಲ್ಲ, ಅವಳು ಬೇಲಿ ಹತ್ರ ಬಂದು ಚೆನ್ನಾಗಿ ಉಗಿದಳಂತೆ. ಆಮೇಲೆ ಸೊಪ್ಪಿನ ಕೊಂಬೆ ಹಿಡಿದು ದಿನವಿಡೀ ಕಾದಳು. ಹಾಲು ಉಕ್ಕಿತು ಅಂತ ಒಂದು ಗಳಿಗೆ ಒಳಗೆ ಓಡಿ ಬರೋದ್ರೊಳಗೆ ಹೂವಿನ ಮೇಲೆ ಜೇನು. ಆ ಹೂವು ಬೀಜಕ್ಕೆ ಬಾರದು ಅಂತ ಕಿತ್ತುಹಾಕಿದಳು. ಆಮೇಲೆ ಗಂಡನ ಹಳೇ ಪಂಚೆ ಹರಿದು ಚೀಲ ಹೊಲಿದು, ಮೊಗ್ಗು ಅರಳೋ ಮುಂಚೆನೇ ಗೊಂಚಲಿಗೆ ಕಟ್ಟಿದಳಂತೆ. ಜೇನು ಬರಲಿಲ್ಲ ಸರಿ, ಗಾಳೀನೂ ಆಡಲಿಲ್ಲ, ಅಲುಗದೆ ಹೂವಿನ ಪುಡಿ ಒಳಗೇ ಉಳಿದು, ಕಾಯಿ ಕಟ್ಟದೆ ಹೂವೆಲ್ಲಾ ಉದುರಿಹೋಯ್ತು. ಗಿಡದಲ್ಲಿ ಉಳಿದಿದ್ದು ಇನ್ನೊಂದೇ ಗೊಂಚಲು ಮೊಗ್ಗು. ಪಿಳ್ಳಮ್ಮ ಅದಕ್ಕೂ ಚೀಲ ಕಟ್ಟಿ, ಅಲ್ಲೇ ಕೂತು ಅತ್ತಳಂತೆ.

ಆಗ ಚೆನ್ನಿ ಅಂದಳು, "ಅಳಬೇಡವ್ವ, ಗಾಳಿ ಮಾಡೋ ಕೆಲಸ ನಾನು ಮಾಡ್ತೀನಿ." ದಿನಾ ಬೆಳಿಗ್ಗೆ ಚೀಲದ ಮೇಲಿಂದ ಗೊಂಚಲನ್ನ ಬೆರಳಲ್ಲಿ ಮೆಲ್ಲಗೆ ಅಲುಗಿಸಿದಳಂತೆ. ಮೂರು ಹೀಚು ನಿಂತವು. ಹಣ್ಣಾದ ಮೇಲೆ ಪಿಳ್ಳಮ್ಮ ಅದನ್ನ ಕಿವುಚಿ, ಮೂರು ದಿನ ಹುಳಿಯೋಕೆ ಬಿಟ್ಟು, ಬೀಜ ತೊಳೆದು, ಬೂದಿ ಸವರಿ ಒಣಗಿಸಿ, ಮಗಳ ಮಡಿಲಿಗೆ ಹಾಕಿ ಕಳಿಸಿದಳಂತೆ.

ಆದ್ರೂ ವರ್ಷವಿಡೀ ಒಂದೇ ಚಿಂತೆ, ಚೀಲದ ದಾರ ಎಲ್ಲಾದ್ರೂ ಸಡಿಲ ಆಗಿತ್ತಾ ಅಂತ. ಮಗಳ ಮನೇಲಿ ಫಸಲು ಬಂತು ಅಂತ ಗೊತ್ತಾಗಿದ್ದೇ ತಡ, ಹೊರಟೇಬಿಟ್ಟಳು. ಅಲ್ಲಿ ಬೀಗಿತಿ ಮೊದಲ ಹಣ್ಣು ಬಾಯಿಗಿಟ್ಟಳು. ಆ ಯಮ್ಮ ಯಾವತ್ತೂ ನಕ್ಕೋಳಲ್ಲ. ಪಿಳ್ಳಮ್ಮ ಅವಳ ಮುಖಾನೇ ನೋಡಿದಳಂತೆ. ಬೀಗಿತಿ ಅಗಿದಳು, ಅಗಿದಳು, ಆಮೇಲೆ ಅವಳ ಎಡಗಣ್ಣು ಮೆಲ್ಲಗೆ ಮುಚ್ಕೊಳ್ತಂತೆ.

ಆ ಬೀಜಾನೇ ಮಡಿಲಿಂದ ಮಡಿಲಿಗೆ ಹೋಗಿ, ನನ್ನ ಮಡಿಲಲ್ಲೂ ಈ ಮನೆಗೆ ಬಂತು. ಮಧ್ಯಾಹ್ನ ಹಿತ್ತಲಲ್ಲಿ ಕಿತ್ತು ತಿಂದ್ಯಲ್ಲ, ಯಾವ ಕಣ್ಣು ಮುಚ್ಚಿತು, ಹೇಳು? ಓ, ಈಗ ಎರಡೂ ಮುಚ್ಚಿವೆ. ಸರಿ ಹಾಗಾದ್ರೆ, ಕತೇನೂ ಮುಗೀತು.