ತೂಬಿನ ದೆವ್ವ ನೀರುಗಂಟಿಯಾದದ್ದು

ಒಂದಾನೊಂದು ಕಾಲದಲ್ಲಿ ಮೂಡಲಹಟ್ಟಿ, ಪಡುವಲಹಟ್ಟಿ ಎಂಬ ಎರಡು ಊರುಗಳಿದ್ದವಂತೆ. ಎರಡಕ್ಕೂ ಒಂದೇ ಕೆರೆ. ಕೆರೆಯ ತೂಬಿನೊಳಗೆ ಒಂದು ಬಡಪಾಯಿ ದೆವ್ವ ಯಾರ ತಂಟೆಗೂ ಹೋಗದೆ ಮಲಗಿರುತ್ತಿತ್ತಂತೆ.

ಮಲಗಲು ಬಿಟ್ಟರಲ್ಲವೇ? ಮೂಡಲಹಟ್ಟಿಯವರು ಬಂದು ಪಡುವಲ ಕಾಲುವೆಗೆ ಮಣ್ಣು ಹಾಕುವರು. ಪಡುವಲಹಟ್ಟಿಯವರು ಬಂದು ಅದನ್ನು ಕಿತ್ತು ಮೂಡಲ ಕಾಲುವೆಗೆ ಹಾಕುವರು. ಗುದ್ದಲಿ ಸದ್ದಿಗೆ ದೆವ್ವಕ್ಕೆ ಕಣ್ಣು ಮುಚ್ಚಲು ಆಗುತ್ತಿರಲಿಲ್ಲವಂತೆ.

ಕೊನೆಗೊಂದು ದಿನ ಪಡುವಲಹಟ್ಟಿಯ ಗೌಡ ಬೋರಲಿಂಗ, "ನಮಗಿಲ್ಲದ ನೀರು ಅವರಿಗೂ ಬೇಡ. ಏರಿ ಒಡೆಯಿರಿ" ಎಂದ. ಏರಿ ಒಡೆದರೆ ದೆವ್ವಕ್ಕೆ ಮನೆಯೆಲ್ಲಿ? ಅದು ಕೂದಲು ಕೆದರಿಕೊಂಡು, ಕೋರೆಹಲ್ಲು ತೋರಿಸುತ್ತ ಹೊರಗೆ ಬಂತು.

"ಪಕ್ಕಕ್ಕೆ ಸರಿಯೋ, ಗುದ್ದಲಿ ತಗಲೀತು" ಎಂದ ಬೋರಲಿಂಗ.

"ಒಬ್ಬ ನೀರುಗಂಟಿಯನ್ನು ಇಟ್ಟು ಸರದಿಯ ಮೇಲೆ ನೀರು ಬಿಡಿಸಬಾರದೇನೋ ಗೌಡ?"

ಅಷ್ಟರಲ್ಲಿ ಮೂಡಲಹಟ್ಟಿಯ ಗೌಡ ಚಿಕ್ಕಜವರನೂ ಓಡಿಬಂದ. "ನೀರುಗಂಟಿಗೆ ಈ ಕೆರೆಯ ಕೆಳಗೆ ಗದ್ದೆ ಇರಬಾರದು, ಗದ್ದೆಯುಳ್ಳ ನೆಂಟರೂ ಇರಬಾರದು. ಅಜ್ಜನ ಕಾಲದ ಕಟ್ಟಳೆ. ಅಂಥವನು ಎರಡೂ ಊರಲ್ಲಿ ಇಲ್ಲ ಕಣಪ್ಪ."

ಇಬ್ಬರು ಗೌಡರೂ ದೆವ್ವವನ್ನು ಮೇಲಿಂದ ಕೆಳಗೆ ನೋಡಿದರಂತೆ.

"ನಿನಗೆ ಗದ್ದೆ?"

"ಇಲ್ಲ."

"ನೆಂಟರು?"

"ಇದ್ದಿದ್ದರೆ ತೂಬಿನಲ್ಲಿ ಯಾಕೆ ಬಿದ್ದಿರುತ್ತಿದ್ದೆ?"

ಹೀಗೆ ದೆವ್ವ ನೀರುಗಂಟಿಯಾಯಿತಂತೆ. ಒಂದು ಸರದಿ ಇವರಿಗೆ, ಒಂದು ಸರದಿ ಅವರಿಗೆ. ಏರಿ ಉಳಿಯಿತು, ಗುದ್ದಲಿ ಮೂಲೆ ಸೇರಿತು, ದೆವ್ವ ಗೊರಕೆ ಹೊಡೆಯಿತು.

ಬೋರಲಿಂಗ ಸುಮ್ಮನಿದ್ದಾನೆಯೇ? ಮೆಲ್ಲಗೆ ಬಂದು, "ನಮ್ಮೂರ ಹುಣಸೇಮರದಲ್ಲಿ ಒಳ್ಳೆಯ ಮನೆತನದ ಮೋಹಿನಿ ಇದ್ದಾಳೆ. ಎಷ್ಟು ದಿನ ಒಂಟಿಯಾಗಿರ್ತೀಯೋ?" ಎಂದ. ದೆವ್ವ ನಾಚಿಕೊಂಡು ಒಪ್ಪಿತು. ಮದುವೆಯಾದ ಮರುದಿನವೇ ಪಡುವಲ ಕಾಲುವೆ ಕಂಠಮಟ್ಟ ಹರಿಯಿತಂತೆ. ಮಾವನ ಮನೆಯ ಊರಲ್ಲವೇ.

ಚಿಕ್ಕಜವರ ಜಗಳಕ್ಕೆ ಹೋಗಲಿಲ್ಲ. ತನ್ನೂರಿನ ಹಾಳುಬಾವಿಯ ಹೆಣ್ಣುದೆವ್ವಕ್ಕೆ ಹೊಸ ಸೀರೆ ಉಡಿಸಿ ಕರೆತಂದ. "ಕಟ್ಟಳೆ ಮುರಿದವನು ನೀನು. ಈಗ ನಮ್ಮೂರಿಗೂ ಅಳಿಯನಾಗು. ಇಲ್ಲವಾದರೆ ತೂಬು ಖಾಲಿ ಮಾಡು."

ತೂಬು ಬಿಟ್ಟು ದೆವ್ವ ಎಲ್ಲಿಗೆ ಹೋಗಬೇಕು? ತಾಳಿ ಕಟ್ಟಿತು.

ಅಂದಿನಿಂದ ಒಬ್ಬಳು ಈ ಕಾಲುವೆಯ ಬಾಯಲ್ಲಿ ಕೂತಳು, ಇನ್ನೊಬ್ಬಳು ಆ ಕಾಲುವೆಯ ಬಾಯಲ್ಲಿ. ಒಂದು ಬೊಗಸೆ ನೀರು ಆಚೀಚೆಯಾದರೂ, "ನನ್ನ ತವರಿಗೆ ಕಡಿಮೆ ಬಿಟ್ಟೆಯಾ?" ಎಂದು ಗಂಡನ ಜುಟ್ಟು ಹಿಡಿಯುವರು. ಎರಡೂ ಊರಿನ ಗದ್ದೆ ಒಂದೇ ಸಮ ತೆನೆ ತೂಗಿದವಂತೆ. ಗೌಡರಿಬ್ಬರೂ ಏರಿಯ ಮೇಲೆ ಕೂತು ಒಂದೇ ಚೀಲದ ಎಲೆಅಡಿಕೆ ಮೆಲ್ಲುತ್ತ, ದೆವ್ವ ಬೈಸಿಕೊಳ್ಳುವುದನ್ನು ಕೇಳುತ್ತಿದ್ದರಂತೆ.

ಅವರು ಮೂವರೂ ಅಲ್ಲಿ ತೂಬು ಕಾಯುತ್ತಿದ್ದಾರೆ, ನಾವು ಇಲ್ಲಿ ಅನ್ನ ಬೇಯುವುದನ್ನು ಕಾಯುತ್ತಿದ್ದೇವೆ.