ಹಾಲಮ್ಮನ ಪಿಕಪ್ಪು, ಕೊಟ್ರೇಶನ ರಿಪೇರಿ

ಮಂಡಕ್ಕಿ ಎಲ್ಲರ ಕೈಗೂ ಬಂತೇ? ಬಂದಿದ್ದರೆ ಬಾಯಿಗೆ ಅದರ ಕೆಲಸ ಕೊಟ್ಟು ಕಿವಿ ಮಾತ್ರ ಇತ್ತ ಕೊಡಿ. ಈ ಕತೆಯೂ ಮಂಡಕ್ಕಿ ಹುರಿಯುವ ಭಟ್ಟಿಯದೇ. ಭಟ್ಟಿ ನಡೆಸುತ್ತಿದ್ದವಳು ಹಾಲಮ್ಮ. ಅವಳಿಗೊಬ್ಬನೇ ಮಗ, ಕೊಟ್ರೇಶ.

ಕೊಟ್ರೇಶ ಸೋಮಾರಿಯಲ್ಲ, ಎದುರು ಮಾತಾಡುವವನಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಲಮ್ಮನ ಗೋಳೆಲ್ಲ ಅದೇ. ಹಾಲು ಉಕ್ಕುವ ತನಕ ಒಲೆ ಮುಂದಿನಿಂದ ಏಳಬೇಡ ಎಂದರೆ, ಒಲೆ ಹೊತ್ತಿಸದೆಯೇ ಮಧ್ಯಾಹ್ನದ ತನಕ ಕೂತಿರುತ್ತಿದ್ದ. ಹೊತ್ತಿಸು ಅಂತ ಯಾರೂ ಹೇಳಿರಲಿಲ್ಲವಲ್ಲ. ಇವನನ್ನು ಹೆತ್ತದ್ದಕ್ಕೆ ಅಳಬೇಕೋ ನಗಬೇಕೋ ಎಂದು ಹಾಲಮ್ಮ ದಿನಕ್ಕೊಮ್ಮೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆಮೇಲೆ ಅವನಿಗೇ ಊಟಕ್ಕೆ ಬಡಿಸುತ್ತಿದ್ದಳು.

ಭಟ್ಟಿಯ ಹಿಂದಿನ ಹಿತ್ತಲಲ್ಲಿ ಅವಳ ಗಂಡನ ಹಳೇ ಪಿಕಪ್ಪು ನಿಂತಿತ್ತು. ಮಾವ ಕೊಂಡದ್ದು, ಗಂಡ ಓಡಿಸಿದ್ದು, ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಕೋಳಿಗಳು ಮೊಟ್ಟೆ ಇಡುತ್ತಿದ್ದದ್ದು. ಒಂದು ಕಾಲಕ್ಕೆ ಮಂಡಕ್ಕಿ ಚೀಲ ತುಂಬಿಕೊಂಡು ಊರೂರಿನ ಸಂತೆಗೆ ಹೋಗುತ್ತಿದ್ದ ಗಾಡಿ. ಗಂಡನ ಪಕ್ಕದ ಸೀಟು ಹಾಲಮ್ಮನದು. ಆ ಗಾಡಿಯೆಂದರೆ ಅವಳಿಗೆ ಜೀವ. ಅದರಲ್ಲಿ ಕೂತು ಇನ್ನೊಂದು ಸಲ ಸಂತೆಗೆ ಹೋಗಬೇಕೆಂಬುದೊಂದೇ ಅವಳ ಆಸೆ.

ಆದರೆ ಹಿತ್ತಲು ಭಾವ ಕರಿಬಸಪ್ಪನ ಪಾಲಿಗೆ ಬಂದಿತ್ತು. ಭತ್ತ ಒಣಗಿಸಲು ಜಾಗ ಬೇಕೆಂದು ಆತ ಪಟ್ಟು ಹಿಡಿದ. ಬರುವ ಅಮಾವಾಸ್ಯೆಗೆ ಗಾಡಿ ತನ್ನ ಇಂಜಿನ್ನಿನಲ್ಲೇ ಗೇಟು ದಾಟಿದರೆ ಹಿತ್ತಲಲ್ಲೇ ಇರಲಿ, ಭತ್ತ ಹರಡುವಾಗ ಆಚೆ ಸರಿಸಿದರಾಯಿತು, ದಾಟದಿದ್ದರೆ ಗುಜರಿಯವನು ಬಂದು ಎಳೆದೊಯ್ಯುತ್ತಾನೆ ಎಂದ. ಹಾಲಮ್ಮನಿಗೆ ಅನ್ನ ಇಳಿಯದಾಯಿತು.

ಪಕ್ಕದ ಓಣಿಯ ದಾದಾಪೀರ್ ಮೇಸ್ತ್ರಿಗೆ ಆ ಇಂಜಿನ್ನಿನ ನರನಾಡಿಯೆಲ್ಲ ಗೊತ್ತು. ಆದರೆ ಮಂಡಿನೋವು, ಗಾಡಿಯ ಕೆಳಗೆ ತೂರಲಾರ. ಕುರ್ಚಿ ಹಾಕಿಕೊಂಡು ಹೇಳುತ್ತೇನೆ, ಯಾರಾದರೂ ಮಾಡಲಿ ಎಂದ. ಮಾಡಲು ಮನೆಯಲ್ಲಿದ್ದವನು ಕೊಟ್ರೇಶ ಒಬ್ಬನೇ.

ಬಿಚ್ಚಿದ ನಟ್ಟು ಬೋಲ್ಟನ್ನೆಲ್ಲ ಒಂದರ ಪಕ್ಕ ಒಂದು ಸಾಲಾಗಿಡು, ಸಾಲು ತಪ್ಪಬಾರದು ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿ ಚಾ ಕುಡಿಯಲು ಹೋದ. ಬರುವಷ್ಟರಲ್ಲಿ ಸಾಲು ಹಿತ್ತಲು ದಾಟಿ, ಗೇಟು ದಾಟಿ, ಓಣಿಗುಂಟ ಹಿಟ್ಟಿನ ಗಿರಣಿಯ ತನಕ ಹೋಗಿತ್ತು. ಒಂದೊಂದು ಬೋಲ್ಟಿಗೆ ಒಂದೊಂದು ಮೊಳ ಜಾಗ. ಎಮ್ಮೆಗಳು ದಾಟಲಾರದೆ ಆಚೆ ನಿಂತಿದ್ದವು. ಹಾಲಮ್ಮ ಸೆರಗಿನಲ್ಲಿ ಎಲ್ಲವನ್ನೂ ಆರಿಸಿಕೊಂಡು ಬಂದಳು.

"ಲೇ ಕೊಟ್ರಾ, ಸಾಮಾನನ್ನ ಹಿಂಗೆ ಬೀದಿಗೆ ಹಾಕ್ತಾರೇನು? ಡಬ್ಬಿಯಾಗೆ ಹಾಕಿ, ಮ್ಯಾಲೆ ಎಣ್ಣೆ ಸುರಿದು, ಮುಚ್ಚಳ ಬಿಗೀಬೇಕು."

"ಹಂಗೇ ಆಗ್ಲಿ ಯವ್ವಾ. ಮುಂದಿನ ಸಲ ಹಂಗೇ ಮಾಡ್ತೀನಿ."

ಮುಂದಿನ ಸಲ ಪೇಟೆಯಿಂದ ಸೀಟಿಗೆ ಹೊಸ ರೆಕ್ಸಿನ್ ತರಬೇಕಿತ್ತು. ತಂದ. ಡಬ್ಬಿಯಲ್ಲಿ ತುರುಕಿ, ಮೇಲೆ ಎಣ್ಣೆ ಸುರಿದು, ಮುಚ್ಚಳ ಬಿಗಿದು ತಂದ. ಅದು ಹಾಲಮ್ಮ ಕೂರಬೇಕಾದ ಸೀಟಿನ ರೆಕ್ಸಿನ್. ಮೂರು ಸಲ ಸೀಗೆಪುಡಿ ಹಾಕಿ ತಿಕ್ಕಿದರೂ ಜಿಡ್ಡು ಹೋಗಲಿಲ್ಲ. ಅವಳಿಗೆ ಸಿಟ್ಟಿಗಿಂತ ಅಳು ಬಂತು.

ಅಂಗಡಿಯಿಂದ ತರುವುದನ್ನು ಒಣ ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವುಚಿಕೊಂಡು ತರಬೇಕು ಎಂದು ಬುದ್ಧಿ ಹೇಳಿದಳು. ಹಂಗೇ ಆಗ್ಲಿ ಯವ್ವಾ ಎಂದ.

ಮುಂದಿನ ಸಲ ಪಂಕ್ಚರ್ ಅಂಗಡಿಯಿಂದ ಚಕ್ರ ತರಬೇಕಿತ್ತು. ಕೊಟ್ರೇಶ ಮನೆಯ ಕೌದಿ ಒಯ್ದು, ಚಕ್ರಕ್ಕೆ ಸುತ್ತಿ, ಎದೆಗವುಚಿಕೊಂಡು ಎರಡು ಮೈಲಿ ನಡೆದ. ದಾರಿಯಲ್ಲಿ ಅಲ್ಲಲ್ಲಿ ಕೂತು ಅದರ ಬೆನ್ನು ತಟ್ಟಿದ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ, ಪಾಪ ತಾಯಿಯಿಲ್ಲದ ಕೂಸೇನೋ ಎಂದು ಕೌದಿ ಸರಿಸಿ ನೋಡಿ ಬೆಚ್ಚಿಬಿದ್ದಳಂತೆ. ಮನೆ ಮುಟ್ಟುವಷ್ಟರಲ್ಲಿ ಕೊಟ್ರೇಶನ ರಟ್ಟೆ ಬಿದ್ದುಹೋಗಿದ್ದವು, ಕೌದಿ ಕರ್ರಗಾಗಿತ್ತು.

"ಗುಂಡಗಿರೋದನ್ನ ಯಾರಾದ್ರೂ ಹೊತ್ಕೊಂಡು ಬರ್ತಾರೇನೋ ಪೆದ್ದಾ? ನೆಲದ ಮ್ಯಾಲೆ ಉರುಳಿಸ್ಕೊಂಡು ಬರಬೇಕು."

"ಹಂಗೇ ಆಗ್ಲಿ ಯವ್ವಾ."

ಒಂದು ಮಾತು ಹೇಳಲೇಬೇಕು. ಮೇಸ್ತ್ರಿಯ ಕಣ್ಣೆದುರು ಕೂತರೆ ಕೊಟ್ರೇಶನಷ್ಟು ಚೊಕ್ಕ ಕೆಲಸಗಾರ ಜಿಲ್ಲೆಯಲ್ಲೇ ಇರಲಿಲ್ಲ. ಮೂರು ಸುತ್ತು ತಿರುಗಿಸು ಎಂದರೆ ಮೂರೇ ಸುತ್ತು. ಹಾಗಾಗಿ ಇಂಜಿನ್ನು ನಿಧಾನಕ್ಕೆ ಒಂದು ಹದಕ್ಕೆ ಬಂತು. ಹಾಲಮ್ಮನಿಗೂ ಸ್ವಲ್ಪ ಧೈರ್ಯ ಬಂದು, ಹೊಸ ಬಣ್ಣ ಹೊಡೆಸೋಣ ಅನಿಸಿತು. ಹಸಿರು ಬಣ್ಣ ತಾ ಎಂದು ಮಗನನ್ನು ಕಳಿಸಿದಳು.

ಬಣ್ಣದ ಡಬ್ಬಿ ಗುಂಡಗಿತ್ತು.

ಪೇಟೆಯಿಂದ ಉರುಳಿಸಿಕೊಂಡು ಹೊರಟ. ಮೊದಲ ತಿರುವಿನಲ್ಲೇ ಮುಚ್ಚಳ ಕಿತ್ತುಕೊಂಡಿತು. ಅಂಗಡಿಯಿಂದ ಹಾಲಮ್ಮನ ಹೊಸಿಲಿನ ತನಕ ಊರಿನ ನಡುವೆ ಹಸಿರು ಗೆರೆ ಬಿತ್ತು. ಡಬ್ಬಿಯಲ್ಲಿ ಉಳಿದದ್ದು ಒಂದು ಬಾಗಿಲಿಗೆ ಸಾಲುವಷ್ಟು. ತನ್ನ ಸೀಟಿನ ಕಡೆಯ ಬಾಗಿಲಿಗೆ ಹಾಲಮ್ಮ ತಾನೇ ಅದನ್ನು ಬಳಿದುಕೊಂಡಳು. ಬಳಿಯುತ್ತಾ ಬೈದಳು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂದೆ ತಿರುಗಿ ನೋಡಿದ್ದರೆ ಚೆಲ್ಲಿದ್ದು ಕಾಣುತ್ತಿತ್ತಲ್ಲ, ಇನ್ನು ಮೇಲೆ ಹಾಗೆ ನೋಡುತ್ತಾ ಬರಬೇಕು ಎಂದಳು. ಕೊಟ್ರೇಶ ತಲೆಯಾಡಿಸಿದ.

ಅಮಾವಾಸ್ಯೆ ಬಂತು. ಕರಿಬಸಪ್ಪ ಗುಜರಿಯವನನ್ನು ಕರಕೊಂಡು ಬೆಳಿಗ್ಗೆಯೇ ಬಂದ. ಹಾಲಮ್ಮ ನಿಂಬೆಹಣ್ಣು ಇಟ್ಟು ಕೈಮುಗಿದಳು. ಮೊದಲ ಗೇರು ಹಾಕುವುದನ್ನು ಮೇಸ್ತ್ರಿಯಿಂದ ಕಲಿತಿದ್ದ ಕೊಟ್ರೇಶ ಸ್ಟೇರಿಂಗ್ ಹಿಡಿದು ಕೂತ. ಭಟ್ಟಿಯ ಆಳುಗಳು ಹಿಂದಿನಿಂದ ತಳ್ಳಿದರು. ಗಾಡಿ ಕೆಮ್ಮಿತು, ನಡುಗಿತು, ಚಾಲೂ ಆಯಿತು. ಹಾಲಮ್ಮನ ಕಣ್ಣು ತುಂಬಿ ಬಂತು.

ನಾಲ್ಕು ಹೆಜ್ಜೆ ಹೋದ ಕೊಟ್ರೇಶ ಗಾಡಿ ನಿಲ್ಲಿಸಿ, ಕೆಳಗಿಳಿದು, ಹಿಂದೆ ತಿರುಗಿ ನೋಡಿದ. ಇಂಜಿನ್ನು ಆರಿತು. ಮತ್ತೆ ತಳ್ಳಿದರು, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಇಳಿದು ನೋಡಿದ. ಮೂರನೇ ಸಲಕ್ಕೆ ಆಳುಗಳ ನಾಲಗೆ ಹೊರಗೆ ಬಂದಿತ್ತು. ಕರಿಬಸಪ್ಪ ನಗುತ್ತಾ, ಹಗ್ಗ ತಾರಪ್ಪಾ ಎಂದು ಗುಜರಿಯವನಿಗೆ ಹೇಳಿದ. ಹಲಗೆಗಳೆಲ್ಲ ಸಾಗುವಾನಿ, ನೋಡು ಎನ್ನುತ್ತಾ ತಾನೇ ಗಾಡಿಯ ಹಿಂಭಾಗಕ್ಕೆ ಹತ್ತಿ ಕುಟ್ಟಿ ತೋರಿಸತೊಡಗಿದ.

ಹಾಲಮ್ಮ ಓಡಿಹೋಗಿ ಮಗನ ಗಲ್ಲ ಹಿಡಿದಳು. "ನನ್ನಪ್ಪಾ, ಇದೊಂದು ಮಾತು ಕೇಳು. ಈ ಸಲ ಹಿಂದೆ ನೋಡಬ್ಯಾಡ. ಯಾರು ಕೂಗಿದ್ರೂ ನಿಲ್ಲಬ್ಯಾಡ. ನಾನು ಸಾಕು ಅನ್ನೋಮಟ ಗಾಡಿ ಹೋಗ್ತಾನೇ ಇರಬೇಕು."

"ಹಂಗೇ ಆಗ್ಲಿ ಯವ್ವಾ."

ಆಳುಗಳು ಕೊನೆಯ ಸಲ ತಳ್ಳಿದರು. ಗಾಡಿ ಚಾಲೂ ಆಯಿತು, ಗೇಟು ದಾಟಿತು. ದಾಟ್ತು ಬಿಡ್ರೀ ಯಜಮಾನ್ರೇ ಎಂದು ಗುಜರಿಯವನು ಹಗ್ಗ ಸುತ್ತಿಕೊಂಡ. ಯಜಮಾನರು ಗಾಡಿಯಲ್ಲೇ ಇದ್ದರು. ನಿಲ್ಲಿಸೋ, ಇಳೀಬೇಕೋ ಎಂದು ಕೂಗುತ್ತಿದ್ದರು. ಕೊಟ್ರೇಶ ಹಿಂದೆ ನೋಡಲಿಲ್ಲ. ಎರಡನೇ ಗೇರಿನ ಮಾತು ಅವನಿಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ಹಾಲಮ್ಮ ಓಡಿ ಬಂದು, ಹಸಿರು ಬಾಗಿಲು ತೆಗೆದು, ತನ್ನ ಸೀಟಿನಲ್ಲಿ ಕೂರುವುದಕ್ಕಾಯಿತು.

ಸೀಟು ಜಿಡ್ಡಾಗಿತ್ತು. ಇಂಜಿನ್ನಿನ ಸದ್ದು ಮಾತ್ರ ಅದೇ ಸದ್ದು, ಕಿಟಕಿಯ ಗಾಳಿ ಅದೇ ಗಾಳಿ. ಹಾಲವ್ವಾ, ಸಾಕು ಅನ್ನವ್ವಾ ಎಂದು ಭಾವ ಹಿಂದಿನಿಂದ ಅಂಗಲಾಚುತ್ತಿದ್ದ. ಸಾಕು ಅನ್ನಲು ಹಾಲಮ್ಮನಿಗೆ ಮನಸ್ಸು ಬರಲಿಲ್ಲ. ಕೆರೆ ಏರಿ ಮುಗಿಯಲಿ ಎಂದುಕೊಂಡಳು, ಆಮೇಲೆ ಸಂತೆಯೊಂದು ಬರಲಿ ಎಂದುಕೊಂಡಳು. ತಿಂಗಳಿನಿಂದ ಸರಿಯಾಗಿ ಕಣ್ಣು ಮುಚ್ಚದವಳು ಹಾಗೇ ಬಾಗಿಲಿಗೊರಗಿ ನಿದ್ದೆ ಹೋದಳು.

ಸಂತೆ ಬಂತು, ಸಂತೆ ಹಿಂದಾಯಿತು. ಸಾಕು ಅನ್ನಬೇಕಾದವಳು ಗೊರಕೆ ಹೊಡೆಯುತ್ತಿದ್ದಳು. ಮುಂದಿನ ಊರಿನ ಜೋಳದ ಹೊಲಗಳ ನಡುವೆ ಡೀಸೆಲ್ ಮುಗಿದು ಗಾಡಿ ತಾನಾಗಿ ನಿಂತಿತು. ಕೊಟ್ರೇಶ ಗಾಬರಿಬಿದ್ದ. ಕೆಳಗಿಳಿದು ಹಿಂದೆ ಹೋದ. ಕರಿಬಸಪ್ಪ ಗಂಟಲು ಬಿದ್ದು ಹಲಗೆಗೊರಗಿ ಕೂತಿದ್ದ.

"ದೊಡ್ಡಪ್ಪಾ, ಅವ್ವ ಇನ್ನೂ ಸಾಕು ಅಂದಿಲ್ಲ. ಬಾ, ಒಂದೀಟು ತಳ್ಳು."

ಗಾಡಿ ನಿಂತಾಗಲೇ ಹಾಲಮ್ಮನಿಗೆ ಎಚ್ಚರವಾಗಿತ್ತು. ಅವಳು ಕಣ್ಣು ಬಿಡಲಿಲ್ಲ.